ನಿನ್ನೆ ಚೆನ್ನಾಗಿದ್ದರಲ್ಲ, ಇವತ್ತೇನಾಯಿತು?

ನನ್ನ ಗಂಡನನ್ನು ಬಲ್ಲವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ನಿನ್ನೆ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿದ ಮನುಷ್ಯ ಇವತ್ತು ವೀಲ್‌ಚೇರಿನಲ್ಲಿ ಕೂತಿದ್ದರೆ ಯಾರಿಗಾದರೂ ಗೊಂದಲವಾಗುವುದು ಸಹಜ. ಹೆಚ್ಚಿನವರು ಕಾಳಜಿಯಿಂದಲೇ ಕೇಳುತ್ತಾರೆ. ಕೆಲವರ ದನಿಯಲ್ಲಿ ಮಾತ್ರ ಸಣ್ಣ ಅನುಮಾನ ಇಣುಕುತ್ತದೆ, ಅದು ಅವರಿಗೂ ಗೊತ್ತಾಗುತ್ತದೆ, ನನಗೂ ಗೊತ್ತಾಗುತ್ತದೆ. ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವರಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ಸುತ್ತ ಇರುವ ಮೈಲಿನ್ ಎಂಬ ಹೊದಿಕೆಯನ್ನು ಹಾಳುಮಾಡುತ್ತದೆ. ಮೇಲಿನ ಪ್ಲಾಸ್ಟಿಕ್ ಸುಲಿದುಹೋದ ವಿದ್ಯುತ್ ತಂತಿಯ ಹಾಗೆ: ಸಂದೇಶ ಒಮ್ಮೆ ತಲುಪುತ್ತದೆ, ಒಮ್ಮೆ ದಾರಿಯಲ್ಲೇ ನಿಲ್ಲುತ್ತದೆ. ಫ್ರಾನ್ಸಿನ ವೈದ್ಯ ಶಾರ್ಕೊ 1868ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ್ದರು. ಹೆಚ್ಚಾಗಿ 20ರಿಂದ 40ರ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ, ಅಂದರೆ ಸಂಸಾರ ಕಟ್ಟಿಕೊಂಡು ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸಿನಲ್ಲಿ.

ಒಂದೇ ದಿನದಲ್ಲಿ ಇಷ್ಟು ವ್ಯತ್ಯಾಸ ಹೇಗೆ ಎನ್ನುವುದಕ್ಕೆ ದೊಡ್ಡ ಕಾರಣ ಶಾಖ. 1890ರಲ್ಲಿ ಊಟ್‌ಹೋಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು, ಇಂಥ ರೋಗಿಗಳಿಗೆ ದೈಹಿಕ ಶ್ರಮದ ನಂತರ ದೃಷ್ಟಿ ಮಂಜಾಗುವುದನ್ನು ಗಮನಿಸಿ ಬರೆದರು. ಅದಕ್ಕೆ ಕಾರಣ ಮೈ ಬಿಸಿಯಾಗುವುದು ಎಂದು ಮುಂದೆ ತಿಳಿಯಿತು. ಹಾನಿಗೊಂಡ ನರದಲ್ಲಿ ಸಂದೇಶ ನಿಂತುಹೋಗಲು ಅರ್ಧ ಡಿಗ್ರಿ ಹೆಚ್ಚಾದರೂ ಸಾಕು. ಸ್ಕ್ಯಾನ್ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಿ ಕಾಯಿಲೆ ಪತ್ತೆಹಚ್ಚುತ್ತಿದ್ದರಂತೆ. ಓದಿದಾಗ ನನ್ನ ಎದೆ ಝಲ್ಲೆಂದಿತು, ಏಕೆಂದರೆ ಸ್ನಾನದ ನೀರು ಸ್ವಲ್ಪ ಬಿಸಿಯಾದರೂ ಇವರ ಕಾಲು ಏಳುವುದಿಲ್ಲ. ಮೈ ತಣ್ಣಗಾದ ಮೇಲೆ ಶಕ್ತಿ ಮರಳುತ್ತದೆ. ಸ್ನಾನದ ಮನೆಯಲ್ಲಿ ಗೋಡೆಗೆ ಹಿಡಿಕೆ, ಕೂರಲು ಸ್ಟೂಲು ಇರುವುದು ಅದಕ್ಕೇ. ಶಾಖದಿಂದ ಬಂದದ್ದು ಹೀಗೆ ಇಳಿದುಹೋಗುತ್ತದೆ. ಹೊಸದೊಂದು ತೊಂದರೆ 24 ಗಂಟೆ ಕಳೆದರೂ ಹಾಗೇ ಉಳಿದರೆ ಮಾತ್ರ ಕಾಯಿಲೆ ಮತ್ತೆ ಕೆರಳಿರಬಹುದು. ಆಗ ವೈದ್ಯರಿಗೆ ಫೋನ್ ಮಾಡುತ್ತೇವೆ. ಮೂತ್ರದ ಸೋಂಕಿನಿಂದಲೂ ಕಾಲು ಸೋಲುವುದುಂಟು, ಅವರು ಅದನ್ನೇ ಮೊದಲು ಪರೀಕ್ಷಿಸುತ್ತಾರೆ.

ಬೆಳಗ್ಗೆ ಇವರು ಮಂಚದ ಅಂಚಿಗೆ ಕೂತು ಬಲಪಾದವನ್ನು ಮೇಲಕ್ಕೆತ್ತಿ ನೋಡುತ್ತಾರೆ. ಬೆರಳುಗಳು ಎದ್ದರೆ ಊರುಗೋಲು ಸಾಕು. ಪಾದ ಜೋತುಬಿದ್ದರೆ ನೆಲಕ್ಕೆ ತಾಗಿ ಮುಗ್ಗರಿಸುತ್ತಾರೆ, ಅಂದು ವೀಲ್‌ಚೇರ್. ನಮ್ಮ ದಿನ ನಿರ್ಧಾರವಾಗುವುದು ಅಲ್ಲಿ. ಹಾಗಾಗಿ ಮನೆಕೆಲಸವನ್ನು ನಾವು 'ಇದು ನನ್ನದು, ಅದು ನಿನ್ನದು' ಎಂದು ಹಂಚಿಕೊಂಡಿಲ್ಲ. ಕೂತು ಮಾಡುವಂಥದ್ದು, ನಿಂತು ಮಾಡುವಂಥದ್ದು ಎಂದು ವಿಂಗಡಿಸಿಕೊಂಡಿದ್ದೇವೆ. ಬಟ್ಟೆ ಮಡಿಸುವುದು, ಲೆಕ್ಕಪತ್ರ, ಮಗಳ ಪಾಠ ಯಾವ ದಿನವಾದರೂ ಅವರದೇ.

ನನ್ನ ಅನುಭವದಲ್ಲಿ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನವೇ ಹೆಚ್ಚು ಎಚ್ಚರ ಬೇಡುತ್ತದೆ. ಕಾಲು ಮಾತು ಕೇಳಿತೆಂದರೆ ವಾರದ ಕೆಲಸವನ್ನೆಲ್ಲ ಅಂದೇ ಮುಗಿಸುವ ಹುಮ್ಮಸ್ಸು ಅವರಿಗೆ. ಮರುದಿನ ನಿದ್ದೆ ಮಾಡಿದರೂ ಬಿಡದ ಸುಸ್ತು, ತುತ್ತು ಎತ್ತಲೂ ಕೈ ಬಾರದು. ಇನ್ನೂ ಸ್ವಲ್ಪ ಶಕ್ತಿ ಉಳಿದಿರುವಾಗಲೇ ನಿಲ್ಲಿಸುವುದು ಅವರಿಗೆ ಯಾವ ಔಷಧಿಗಿಂತಲೂ ಕಷ್ಟ. ನಡೆಯಬಲ್ಲ ದಿನವೂ ಕೆಲವೊಮ್ಮೆ ವೀಲ್‌ಚೇರ್ ಹಿಡಿಯುವುದು ಆ ಲೆಕ್ಕದಲ್ಲೇ: ಅಂಗಳ ದಾಟುವುದಕ್ಕೆ ಸುರಿಯುವ ಶಕ್ತಿ ಉಳಿದರೆ ಸಂಜೆ ಮಗಳ ಜೊತೆ ಕೂತು ನಗಬಹುದು.

ಮಗಳು ಒಮ್ಮೆ ಅವರ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಅಪ್ಪಾ, ನಾನು ಗಲಾಟೆ ಮಾಡಿದ್ದಕ್ಕೆ ನಿನ್ನ ಕಾಲು ಹೀಗಾಯ್ತಾ?" ಎಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದಳೋ! ಹೇಳದೆ ಬಿಟ್ಟ ಜಾಗವನ್ನು ಮಕ್ಕಳು ತಮ್ಮದೇ ತಪ್ಪಿನಿಂದ ತುಂಬಿಕೊಳ್ಳುತ್ತಾರೆ. ಅಂದಿನಿಂದ ಅವಳಿಗೆ ಎಲ್ಲವನ್ನೂ ಕಾಯಿಲೆಯ ಹೆಸರು ಹಿಡಿದೇ ಹೇಳುತ್ತೇವೆ. ಈಗ ಬೆಳಗ್ಗೆ ಬಂದು "ಅಪ್ಪಾ, ಇವತ್ತು ಕೋಲಾ, ಕುರ್ಚಿಯಾ?" ಎಂದು ಕೇಳಿ, ಉತ್ತರ ಕೇಳಿಕೊಂಡು, ತನ್ನ ಚೀಲ ಹುಡುಕಲು ಓಡುತ್ತಾಳೆ.

ನನ್ನ ಬಗ್ಗೆಯೂ ಕೇಳುತ್ತೀರಿ. ಎತ್ತುವುದು, ಕೂರಿಸುವುದು ಅಭ್ಯಾಸವಾಗುತ್ತದೆ. ನಾಳೆ ಹೇಗೋ ಎಂಬ ತೂಗಾಟಕ್ಕೆ ಅಭ್ಯಾಸವಿಲ್ಲ. ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ ಇಂಥ ಮುಗಿಯದ, ಸ್ಪಷ್ಟವಿಲ್ಲದ ನಷ್ಟದ ಬಗ್ಗೆ ಅಧ್ಯಯನ ಶುರುಮಾಡಿದರು. ಮನುಷ್ಯ ಎದುರಿಗೇ ಇದ್ದಾಗಲೂ ದುಃಖ ಇರಬಹುದು ಎಂಬ ಅವರ ಮಾತು ತಿಳಿದ ಮೇಲೆ ನನಗೆ ಅಳಲು ಸಂಕೋಚವಾಗುತ್ತಿಲ್ಲ. ನನ್ನ ಗಂಡನ ಸ್ನಾನಕ್ಕೆ ವಾರದಲ್ಲಿ ಕೆಲವು ದಿನ ಸಹಾಯಕರೊಬ್ಬರು ಬರುತ್ತಾರೆ. ಆ ಹೊತ್ತಿನಲ್ಲಿ ನಾನು ಬರೀ ಹೆಂಡತಿ, ಅದು ನನಗೆ ಬಹಳ ಬೇಕು.

ಇನ್ನು ನಮ್ಮನ್ನು ಕರೆಯುವಾಗ ಮೆಟ್ಟಿಲು ಎಷ್ಟಿವೆ, ನಡುವೆ ಕೂರಲು ಜಾಗ ಇದೆಯೇ ಎಂದು ಮೊದಲೇ ತಿಳಿಸಿ. 'ಪಾಪ, ಅವರಿಗೆ ಆಗುವುದಿಲ್ಲ' ಎಂದು ನೀವೇ ತೀರ್ಮಾನಿಸಬೇಡಿ. ಬರುತ್ತೇವೆಂದು ಹೇಳಿ ಹೊರಡುವ ಹೊತ್ತಿಗೆ ಆಗಲಿಲ್ಲವೆಂದು ಫೋನ್ ಮಾಡಿದರೂ, ಮುಂದಿನ ಸಲ ಮತ್ತೆ ಕರೆಯಿರಿ.