ಕನ್ನೌಜ್: ಗುಲಾಬಿ ಬೇಯುವ ಊರು

ಉತ್ತರ ಪ್ರದೇಶದ ಅತ್ತರಿನ ಊರು ಕನ್ನೌಜ್‌ಗೆ ಹೋಗುವ ಮನಸ್ಸಿದ್ದರೆ ಮಾರ್ಚ್ ಕೊನೆಗೆ, ಇಲ್ಲಾಂದ್ರೆ ಏಪ್ರಿಲ್ ಮೊದಲಿಗೆ ಹೋಗಿ. ಬೇರೆ ತಿಂಗಳಲ್ಲಿ ಹೋದರೂ ಅಲ್ಲಿ ಏನಾದರೊಂದು ಬೇಯುತ್ತಲೇ ಇರುತ್ತದೆ. ಮಲ್ಲಿಗೆ, ಲಾವಂಚ, ಕೊನೆಗೆ ಸುಟ್ಟ ಮಣ್ಣು ಕೂಡ. ಆದರೆ ಗುಲಾಬಿಯ ಸುಗ್ಗಿ ಅಂದರೆ ಈ ಕೆಲವು ವಾರ ಮಾತ್ರ. ಹೂ ಚೈತ್ರದಲ್ಲಿ ಬರುತ್ತದೆ, ಬಿಸಿಲು ಜೋರಾಯಿತು ಅಂದರೆ ಮುಗಿಯಿತು, ಮತ್ತೆ ಮುಂದಿನ ವರ್ಷ.

ನನ್ನ ಜೊತೆ ಬಂದವರು ಮೈಸೂರಿನ ಚಿಕ್ಕಮ್ಮ. ಅವರ ತಾರಸಿ ಮೇಲೆ ಗುಲಾಬಿ ಕುಂಡ ಬಿಟ್ಟರೆ ಬಟ್ಟೆ ಒಣಗಿ ಹಾಕಲೂ ಜಾಗವಿಲ್ಲ. ಟೀ ಚರಟ, ಮೊಟ್ಟೆ ಸಿಪ್ಪೆ, ಅಕ್ಕಿ ತೊಳೆದ ನೀರು ಎಲ್ಲ ಆ ಕುಂಡಗಳಿಗೇ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಆಯಿತು, ಊಟಿಯ ಗುಲಾಬಿ ತೋಟ ಆಯಿತು, ಇನ್ನು ಅತ್ತರು ಮಾಡೋದನ್ನ ನೋಡಬೇಕು ಕಣೋ ಅಂತ ಹಠ ಹಿಡಿದಿದ್ದರು. ಬೆಂಗಳೂರಿಂದ ಲಖನೌಗೆ ವಿಮಾನ, ಅಲ್ಲಿಂದ ಆಗ್ರಾ ಎಕ್ಸ್‌ಪ್ರೆಸ್‌ವೇ ಹಿಡಿದು ಕಾರು. ಕಾನ್ಪುರದಿಂದ ಬರುವವರಿಗೆ ಸುಮಾರು 80 ಕಿ.ಮೀ., ರೈಲೂ ಇದೆ. ದಾರಿಯಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಆಲೂಗಡ್ಡೆ ಹೊಲ, ಕೋಲ್ಡ್ ಸ್ಟೋರೇಜ್, ಮತ್ತೆ ಆಲೂಗಡ್ಡೆ ಹೊಲ.

ಊರು ನೋಡಿದರೆ ಇದು ಹರ್ಷವರ್ಧನನ ರಾಜಧಾನಿ ಆಗಿತ್ತು ಅಂತ ನಂಬೋದು ಕಷ್ಟ. ನಮ್ಮ ಇಮ್ಮಡಿ ಪುಲಿಕೇಶಿ ನರ್ಮದೆಯಿಂದ ಈಚೆಗೆ ಬರಗೊಡಲಿಲ್ಲ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಹರ್ಷ. ಮುಂದೆ 10ನೇ ಶತಮಾನದಲ್ಲಿ ರಾಷ್ಟ್ರಕೂಟರ ಮೂರನೇ ಇಂದ್ರ ಮಾನ್ಯಖೇಟದಿಂದ ಇಷ್ಟು ದೂರ ಸೈನ್ಯ ತಂದು ಈ ಊರನ್ನೇ ಗೆದ್ದ. ಈಗ ಆ ವೈಭವ ಎಲ್ಲ ಇಟ್ಟಿಗೆ ಚೂರಿನ ದಿಬ್ಬ. ಇಕ್ಕಟ್ಟಾದ ಗಲ್ಲಿ, ತೆರೆದ ಚರಂಡಿ, ಹಾರ್ನ್ ಗಲಾಟೆ. ಚರಂಡಿ ವಾಸನೆಯ ಹಿಂದೆಯೇ ಒಂದು ಗಲ್ಲಿಯಿಂದ ಗುಲಾಬಿ ಘಮ, ಇನ್ನೊಂದರಿಂದ ಗಂಧದ ಘಮ. ಎರಡೂ ಒಟ್ಟಿಗೇ ಬರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಬೇಕು ಅಷ್ಟೆ.

ಮರುದಿನ ಕತ್ತಲಲ್ಲೇ ಎದ್ದು ಗಂಗೆ ಕಡೆಯ ಹೊಲಗಳಿಗೆ ಹೊರಟೆವು. ಹೂ ಬಿಡಿಸುವ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಬಿಸಿಲು ಬಿದ್ದರೆ ಎಸಳಲ್ಲಿರುವ ಎಣ್ಣೆ ಆವಿಯಾಗಿ ಹೋಗುತ್ತದೆ, ಒಂದೇ ಗಿಡದ ಹೂ ಆರು ಗಂಟೆಗೆ ಕೊಡುವಷ್ಟು ಸಾರವನ್ನು ಹತ್ತು ಗಂಟೆಗೆ ಕೊಡುವುದಿಲ್ಲ. ಹಾಗಾಗಿ ಎಲ್ಲರಿಗೂ ಧಾವಂತ. ಹೆಂಗಸರು ಸೀರೆ ಸೆರಗನ್ನೇ ಜೋಳಿಗೆ ಮಾಡಿಕೊಂಡು ಸಾಲು ಹಿಡಿದು ಹೋಗುತ್ತಾರೆ. ಈ ಗಿಡಕ್ಕೆ ಮುಳ್ಳು ವಿಪರೀತ. ಅವರ ಮುಂಗೈ ತುಂಬ ಗೀರುಗಳು, ಹಳೆಯವು, ಹೊಸವು.

ಬೆಳಕಾದ ಮೇಲೆ ಚಿಕ್ಕಮ್ಮ ಒಂದು ಹೂವನ್ನು ಹತ್ತಿರದಿಂದ ನೋಡಿದರು. ಮುಖ ಸಣ್ಣದಾಯಿತು. "ಅಯ್ಯೋ, ಇದೇನೋ ಇದು? ನಮ್ಮನೆ ಗಿಡದಲ್ಲಿ ಬಾಡಿದ ಹೂ ಇದಕ್ಕಿಂತ ಚೆನ್ನಾಗಿರತ್ತೆ."

ನೋಟಕ್ಕೆ ಅವರು ಹೇಳಿದ್ದು ಸರಿಯೇ. ಅತ್ತರಿಗೆ ಬೆಳೆಯುವ ಈ ಡಮಾಸ್ಕ್ ಗುಲಾಬಿ ಅಂದರೆ ಅಂಗೈಯಲ್ಲಿ ಮುದುಡಿ ಹೋಗುವಷ್ಟು ಸಣ್ಣದು. ತೆಳು ಗುಲಾಬಿ ಬಣ್ಣ, ಕೆದರಿದ ಎಸಳುಗಳು, ಮೊಗ್ಗಿಗೂ ಒಂದು ಅಂದವಾದ ಆಕಾರ ಅಂತಿಲ್ಲ, ತೊಟ್ಟು ಗಿಡ್ಡ. ಹೂದಾನಿಯಲ್ಲಿ ಇಟ್ಟರೆ ಸಂಜೆ ಹೊತ್ತಿಗೆ ಉದುರಿ ಹೋಗುತ್ತದೆ. ಪ್ರದರ್ಶನಕ್ಕೆ ಇಟ್ಟರೆ ಮೊದಲ ಸುತ್ತಿನಲ್ಲೇ ಹೊರಗೆ. ಆಮೇಲೆ ಚಿಕ್ಕಮ್ಮ ಅದನ್ನು ಮೂಗಿನ ಹತ್ತಿರ ತಂದರು. ಮತ್ತೆ ಅದರ ಚಂದದ ಬಗ್ಗೆ ಮಾತೆತ್ತಲಿಲ್ಲ.

ಆ ಪರಿಮಳ ಹೇಗಿದೆ ಅಂದರೆ ಸ್ವಲ್ಪ ಜೇನು, ಸ್ವಲ್ಪ ಲವಂಗ, ಹಸಿ ಎಲೆಯ ಒಂದು ಒಗರು, ಹಿಂದೆ ನಿಂಬೆಯ ಥರ ಏನೋ. ಸಿಟ್ರೊನೆಲಾಲ್, ಜೆರಾನಿಯಾಲ್ ಅಂತ ಮುಖ್ಯವಾದವು ಕೆಲವಿವೆ, ಅವು ಸೇರಿ ನೂರಾರು ರಾಸಾಯನಿಕಗಳು ಆ ಎಣ್ಣೆಯಲ್ಲಿವೆ. ತಮಾಷೆ ಏನಂದ್ರೆ ನಾವು ಗುಲಾಬಿ ಅಂತ ತಕ್ಷಣ ಗುರುತು ಹಿಡಿಯುವಂತೆ ಮಾಡುವುದರಲ್ಲಿ ದೊಡ್ಡ ಪಾಲು ಬೀಟಾ-ಡಮಾಸೆನೋನ್ ಎಂಬುದರದ್ದು, ಅದು ಎಣ್ಣೆಯಲ್ಲಿ ಶೇಕಡಾ 1 ಕೂಡ ಇರುವುದಿಲ್ಲ.

ಬೆಂಗಳೂರಿನ ಸುತ್ತಮುತ್ತ ಪಾಲಿಹೌಸ್‌ಗಳಲ್ಲಿ ಬೆಳೆದು ಪ್ರೇಮಿಗಳ ದಿನಕ್ಕೆ ವಿಮಾನ ಹತ್ತಿಸುತ್ತಾರಲ್ಲ, ಉದ್ದ ತೊಟ್ಟಿನ ಕೆಂಪು ಗುಲಾಬಿ, ಅದನ್ನು ಯಾವತ್ತಾದರೂ ಮೂಸಿ ನೋಡಿದ್ದೀರಾ? ಹೆಚ್ಚೆಂದರೆ ಸೌತೆಕಾಯಿ ಹೆಚ್ಚಿದ ವಾಸನೆ. ಜಾಸ್ತಿ ದಿನ ಬಾಳಬೇಕು, ಪೆಟ್ಟಿಗೆಯಲ್ಲಿ ನಲುಗಬಾರದು, ಬಣ್ಣ ಎದ್ದು ಕಾಣಬೇಕು ಅಂತ ತಲೆಮಾರುಗಟ್ಟಲೆ ಆರಿಸಿ ಆರಿಸಿ ತಳಿ ಮಾಡುವಾಗ ಪರಿಮಳ ದಾರಿಯಲ್ಲೇ ಉಳಿದುಹೋಯಿತು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದರ ಒಂದು ಎಳೆಯನ್ನು ಹಿಡಿದರು. ಗುಲಾಬಿಯ ಎಸಳಲ್ಲಿ ಪರಿಮಳ ತಯಾರಿಸುವ ಒಂದು ಕಿಣ್ವ ಇದೆ, ವಾಸನೆ ಇಲ್ಲದ ತಳಿಗಳಲ್ಲಿ ಅದರ ವಂಶವಾಹಿ ಹೆಚ್ಚುಕಡಿಮೆ ಮಲಗಿಬಿಟ್ಟಿರುತ್ತದೆ. ಹಾಗಂತ ಚಂದ ಇದ್ದರೆ ಘಮ ಇರಲ್ಲ ಅಂತೇನಿಲ್ಲ. ಚಿಕ್ಕಮ್ಮನ ತಾರಸಿಯ ಡಬಲ್ ಡಿಲೈಟ್ ಕೆನೆಬಿಳಿಗೆ ಕೆಂಪು ಅಂಚಿನ ಹೂ, ಒಂದೇ ಅರಳಿದರೂ ಮೆಟ್ಟಿಲವರೆಗೆ ಘಮ್ಮೆನ್ನುತ್ತದೆ.

ಹೊಲದಿಂದ ಹೂ ಮೂಟೆಗಳಲ್ಲಿ ಬೈಕ್ ಹತ್ತಿ ಹೊರಡುತ್ತದೆ. ಮೂಟೆಯಲ್ಲಿ ಜಾಸ್ತಿ ಹೊತ್ತು ಇದ್ದರೆ ಒಳಗೇ ಕಾವು ಹಿಡಿದು ಹುಳಿ ವಾಸನೆ ಬರುತ್ತದೆ, ಆಗ ದರವೂ ಬೀಳುತ್ತದೆ. ನಾವೂ ಒಂದು ಬೈಕಿನ ಹಿಂದೆಯೇ ಹೋಗಿ, ಊರೊಳಗಿನ ಒಂದು ಹಳೇ ಕಾರ್ಖಾನೆ ಸೇರಿದೆವು. ಕಾರ್ಖಾನೆ ಅಂದರೆ ಮೊದಲೇ ಹೇಳಿಬಿಡುತ್ತೇನೆ, ಯಂತ್ರ ಅನ್ನುವಂಥದ್ದು ಒಂದೂ ಇಲ್ಲ. ತಗಡಿನ ಮಾಡು, ಹೊಗೆ, ಮಣ್ಣಿನ ಒಲೆಗಳ ಸಾಲು. ಒಲೆಯೊಳಗೆ ಸೌದೆ ಮತ್ತು ಬೆರಣಿ.

ಪ್ರತಿ ಒಲೆ ಮೇಲೆ ಒಂದು ದೊಡ್ಡ ತಾಮ್ರದ ಹಂಡೆ, ಅವರ ಬಾಯಲ್ಲಿ ಡೇಗ್. ದೊಡ್ಡದಾದರೆ ಕ್ವಿಂಟಲ್‌ವರೆಗೂ ಹೂ ಹಿಡಿಸುತ್ತದೆ. ಎಸಳು ಬಿಡಿಸುವುದಿಲ್ಲ, ಹೂವನ್ನು ಇಡಿಯಾಗಿಯೇ ಸುರಿದು ನೀರು ಹಾಕಿ, ಮುಚ್ಚಳದ ಸುತ್ತ ಹತ್ತಿ ಮತ್ತು ಜೇಡಿಮಣ್ಣು ಮೆತ್ತಿ ಬಿಗಿಯುತ್ತಾರೆ. ಮುಚ್ಚಳದಿಂದ ಒಂದು ಬಿದಿರಿನ ಕೊಳವೆ, ಮೇಲೆಲ್ಲ ಹುರಿ ಸುತ್ತಿದ್ದು, ಪಕ್ಕದ ನೀರಿನ ತೊಟ್ಟಿಯಲ್ಲಿ ಕೂತ ಉದ್ದ ಕತ್ತಿನ ತಾಮ್ರದ ಬಿಂದಿಗೆಗೆ ಹೋಗುತ್ತದೆ. ಅದು ಭಪ್ಕಾ. ಹಂಡೆಯ ಆವಿ ಕೊಳವೆಯಲ್ಲಿ ಹೋಗಿ ಭಪ್ಕಾದಲ್ಲಿ ತಣಿದು ನೀರಾಗುತ್ತದೆ. ಥರ್ಮಾಮೀಟರ್ ಇಲ್ಲ, ಗಡಿಯಾರವನ್ನೂ ಯಾರೂ ನೋಡುತ್ತಿರಲಿಲ್ಲ. ಅಲ್ಲಿದ್ದ ಹಿರಿಯರೊಬ್ಬರು ತೊಟ್ಟಿಯೊಳಗೆ ಕೈ ಬಿಟ್ಟು ಭಪ್ಕಾ ಮುಟ್ಟಿ ನೋಡುತ್ತಾರೆ, ಡೇಗ್‌ಗೆ ಕಿವಿ ಕೊಡುತ್ತಾರೆ, ಒಲೆಯಿಂದ ಒಂದು ಕೊಳ್ಳಿ ಹೊರಗೆಳೆಯುತ್ತಾರೆ. ಬೆಂಕಿ ಜಾಸ್ತಿಯಾದರೆ ಹೂ ಸೀದು ಅತ್ತರಿಗೆ ಸುಟ್ಟ ವಾಸನೆ ಹತ್ತುತ್ತದೆ, ಕಡಿಮೆಯಾದರೆ ಆವಿ ಏಳುವುದಿಲ್ಲ. ಭಪ್ಕಾ ತುಂಬಿತು ಅನ್ನಿಸಿದಾಗ ಡೇಗ್ ಮೇಲೆ ಒದ್ದೆ ಬಟ್ಟೆ ಎಳೆದು ಆವಿ ತಗ್ಗಿಸಿ, ಬೇರೆ ಭಪ್ಕಾ ಜೋಡಿಸುತ್ತಾರೆ. ಎಲ್ಲ ಒಂದೆರಡು ನಿಮಿಷದ ಕೆಲಸ, ಒಂದು ಮಾತೂ ಇಲ್ಲ.

ಭಪ್ಕಾ ಮೊದಲೇ ಖಾಲಿ ಇರುವುದಿಲ್ಲ. ಅದರ ತಳದಲ್ಲಿ ಗಂಧದೆಣ್ಣೆ ಹಾಕಿರುತ್ತಾರೆ. ಗುಲಾಬಿಯ ಆವಿ ಬಂದು ತಣಿಯುವಾಗ ಅದರ ಪರಿಮಳವನ್ನು ಗಂಧದೆಣ್ಣೆ ಹೀರಿಕೊಳ್ಳುತ್ತದೆ. ಕೆಳಗೆ ಉಳಿದ ನೀರನ್ನು ಬಸಿದು ಮತ್ತೆ ಡೇಗ್‌ಗೆ ಸುರಿಯುತ್ತಾರೆ, ಹೊಸ ಹೂ ಹಾಕುತ್ತಾರೆ, ಮತ್ತೆ ಬೆಂಕಿ. ಅದೇ ಎಣ್ಣೆ ಮೇಲೆ ದಿನಗಟ್ಟಲೆ ಹೀಗೆ ನಡೆದ ಮೇಲೆ ಅದು ಅತ್ತರು. ಗಂಧದೆಣ್ಣೆ ಹಾಕದೆ ಬರೀ ಗುಲಾಬಿಯ ಎಣ್ಣೆ ತೆಗೆದರೆ ಅದು ರೂಹ್ ಗುಲಾಬ್. ಅದರ ಬೆಲೆ ಕೇಳುವ ಮೊದಲು ಕೂತುಕೊಳ್ಳಿ. ಒಂದು ಕಿಲೋ ಎಣ್ಣೆಗೆ ಮೂರೂವರೆ-ನಾಲ್ಕು ಟನ್ ಹೂ ಬೇಕು, ಹಾಗಾಗಿ ಕಿಲೋ ಲೆಕ್ಕದಲ್ಲಿ ಕೇಳಿದರೆ ಲಕ್ಷಗಳಲ್ಲೇ ಉತ್ತರ. ಚಳಿಯಲ್ಲಿ ಅದು ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದಂತೆ. ಹೂವಿನ ಮೇಣದಂಥ ಅಂಶ ಅದರಲ್ಲಿರುವುದೇ ಕಾರಣ.

ಗಂಧದೆಣ್ಣೆ ಅಂದಕೂಡಲೇ ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಅವರು ಬೆಳೆದ ಮನೆಗೆ ಹತ್ತಿರವೇ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸೋದು ನಿಂತು ದಾಸ್ತಾನು ರಾಶಿ ಬಿದ್ದಾಗ, ಎಣ್ಣೆಯನ್ನು ನಾವೇ ತೆಗೆಯೋಣ ಅಂತ ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಶುರುವಾದದ್ದು. "ನಾವು ಮೈಸೂರಿನವರು" ಅಂತ ಚಿಕ್ಕಮ್ಮ ತಮ್ಮ ದೂರದರ್ಶನದ ಹಿಂದಿಯಲ್ಲಿ ಹೇಳಿದ್ದೇ ತಡ, ಆ ಹಿರಿಯರು ಒಲೆ ಬಿಟ್ಟು ಎದ್ದು ಬಂದರು. "ಮಾತಾಜಿ, ಮೈಸೂರಿನ ಎಣ್ಣೆ ಇದ್ದಾಗ ಅತ್ತರು ಅತ್ತರಾಗಿತ್ತು" ಅಂದರು. ಸ್ಟೀಲ್ ಲೋಟದಲ್ಲಿ ಚಹಾ ಬಂತು, ಕೂರಲು ಎರಡು ಮಗ್ಗಲು ಸಡಿಲಾದ ಕುರ್ಚಿಯೂ ಬಂತು.

ಅವರ ಮಾತಲ್ಲಿ ಅರ್ಧ ಹೆಮ್ಮೆ, ಅರ್ಧ ದೂರು. ಟಿಪ್ಪುವಿನ ಕಾಲದಿಂದಲೂ ಗಂಧದ ಮರ ಸರ್ಕಾರದ್ದಾಗಿತ್ತು, ರೈತನ ಹೊಲದಲ್ಲೇ ಹುಟ್ಟಿದರೂ ಅವನದಾಗಿರಲಿಲ್ಲ. ಹಾಗಿರುವಾಗ ಯಾರು ಬೆಳೆಸುತ್ತಾರೆ? ಬೆಳೆದದ್ದನ್ನು ಕಳ್ಳರು ಬಿಡಲಿಲ್ಲ. 2001ರಲ್ಲಿ ಕರ್ನಾಟಕದಲ್ಲಿ ಕಾನೂನು ತಿದ್ದಿದ ಮೇಲೆ ರೈತರು ನೆಡುತ್ತಿದ್ದಾರೆ, ಆದರೆ ಕಾಂಡದಲ್ಲಿ ಎಣ್ಣೆ ತುಂಬಿದ ಚೇಗು ಬಲಿಯಲು ಹದಿನೈದು-ಇಪ್ಪತ್ತು ವರ್ಷವಾದರೂ ಬೇಕಲ್ಲ. ಅಷ್ಟರಲ್ಲಿ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟಿತು. ಈಗ ಕನ್ನೌಜ್‌ನ ಬಹಳ ಭಪ್ಕಾಗಳ ತಳದಲ್ಲಿ ಇರುವುದು ಪ್ಯಾರಾಫಿನ್ ಅನ್ನೋ ಪೆಟ್ರೋಲಿಯಂ ಎಣ್ಣೆ. ಅದಕ್ಕೆ ತನ್ನದೇ ಪರಿಮಳವಿಲ್ಲ, ಹೂವಿನ ಪರಿಮಳವನ್ನು ಹಿಡಿದಿಟ್ಟುಕೊಳ್ಳುವ ತಾಕತ್ತೂ ಗಂಧದೆಣ್ಣೆಯಷ್ಟಿಲ್ಲ. ನನಗೆ ಇದನ್ನು ಕೇಳಿ ಬೇಜಾರಾಯಿತು. ಉತ್ತರದ ಹೂ, ದಕ್ಷಿಣದ ಮರ, ಎರಡು ಸೇರಿ ಆಗುತ್ತಿದ್ದ ಒಂದು ವಸ್ತು ಇದು. ಮರದ ಕಡೆಯಿಂದ ನಾವು ಕೈಕೊಟ್ಟೆವು.

ಅತ್ತರನ್ನು ಹಿಂದೆ ಚರ್ಮದ ಕುಪ್ಪಿಗಳಲ್ಲಿ ತುಂಬಿ ಬಿಸಿಲಿಗೆ ಇಡುತ್ತಿದ್ದರು, ಉಳಿದ ತೇವ ಚರ್ಮದ ಮೂಲಕ ಹೊರಗೆ ಹೋಗುತ್ತದೆ, ಎಣ್ಣೆ ಒಳಗೇ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಅಂಥ ಕುಪ್ಪಿಗಳು ಈಗಲೂ ತೂಗಾಡುತ್ತಿದ್ದವು. ಇನ್ನೊಂದು ಕಡೆ ಬೆಂದ ಹೂವಿನ ರಾಶಿ, ಕಂದು ಬಣ್ಣಕ್ಕೆ ತಿರುಗಿದ್ದು. ಅದನ್ನೂ ಬಿಸಾಡುವುದಿಲ್ಲ, ಒಣಗಿಸಿ ಪುಡಿ ಮಾಡಿದರೆ ಅಗರಬತ್ತಿಗೆ ಆಗುತ್ತದೆ.

ಬರೀ ನೀರಲ್ಲಿ ಹಿಡಿದದ್ದು ಗುಲಾಬ್ ಜಲ್, ನಮ್ಮ ಪನ್ನೀರು. ಗುಲಾಬಿಯ ಪರಿಮಳದಲ್ಲಿ ಫಿನೈಲ್ ಈಥೈಲ್ ಆಲ್ಕೋಹಾಲ್ ಅಂತ ಒಂದಿದೆ, ಅದು ಎಣ್ಣೆಗಿಂತ ನೀರಲ್ಲಿ ಹೆಚ್ಚು ಉಳಿಯುತ್ತದೆ. ಹಾಗಾಗಿ ಒಳ್ಳೆ ಪನ್ನೀರು ಕೆಲವು ಸಲ ಎಣ್ಣೆಗಿಂತಲೂ ತಾಜಾ ಹೂವಿಗೆ ಹತ್ತಿರ. ನಮ್ಮ ಮದುವೆ ಮನೆ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿಯಿಂದ ಚಿಮುಕಿಸುತ್ತಾರಲ್ಲ, ಈಗೀಗ ಅದರಲ್ಲಿ ಇರೋದು ಮುಕ್ಕಾಲು ಪಾಲು ಸೆಂಟು ಬೆರೆಸಿದ ನೀರು. ಇಲ್ಲಿ ಚಿಕ್ಕಮ್ಮ ಒಂದು ಚಮಚ ಕುಡಿದೇ ನೋಡಿದರು. ತುಸು ಕಹಿ, ಸಿಹಿ ಏನೂ ಇಲ್ಲ, ಆದರೆ ಉಸಿರು ಬಿಟ್ಟರೆ ಗುಲಾಬಿ. "ಇದನ್ನ ಸಬ್ಬಕ್ಕಿ ಪಾಯಸಕ್ಕೆ ಹಾಕಿದ್ರೆ!" ಅಂದರು.

ಆಮೇಲೆ ಗುಲ್ಕನ್. ಜಾಡಿಯಲ್ಲಿ ಒಂದು ಪದರ ಎಸಳು, ಒಂದು ಪದರ ಸಕ್ಕರೆ, ಹಾಗೇ ಕತ್ತಿನವರೆಗೆ ತುಂಬಿ ವಾರಗಟ್ಟಲೆ ಬಿಸಿಲಲ್ಲಿ ಇಟ್ಟರೆ ಮುಗಿಯಿತು, ಒಲೆಯ ಕೆಲಸವೇ ಇಲ್ಲ. ನಮ್ಮ ಕಡೆ ಹಣ್ಣಿನ ತುಂಡು, ಬೆಣ್ಣೆ, ಐಸ್‌ಕ್ರೀಂ ಜೊತೆ ಲೋಟ ತುಂಬ ಕೊಡುತ್ತಾರೆ, ಎಲೆ ಅಡಿಕೆಗೂ ಬೇಕು. ಅಲ್ಲಿ ಬಿಸಿಲು ಏರುತ್ತಿದ್ದಂತೆ ತಣ್ಣನೆ ಹಾಲಿಗೆ ಕಲಸಿ ಕುಡಿಯುತ್ತಾರೆ. ಎರಡೂ ಕಡೆ ಒಂದೇ ಮಾತು, ದೇಹಕ್ಕೆ ತಂಪು ಅಂತ. ಮನೆಯಲ್ಲಿ ಮಾಡುವವರಿಗೆ ಒಂದು ಮಾತು: ಹೂವಂಗಡಿಯ ಗುಲಾಬಿ ಬೇಡವೇ ಬೇಡ, ಅದಕ್ಕೆ ಎಷ್ಟು ಔಷಧಿ ಹೊಡೆದಿರುತ್ತಾರೋ. ಔಷಧಿ ಹೊಡೆಯದ ಮನೆ ಗಿಡದ ನಾಟಿ ಗುಲಾಬಿಯೋ ಪನ್ನೀರು ಗುಲಾಬಿಯೋ ಇದ್ದರೆ ಮಾಡಿ.

ಗುಲಾಬಿ ಅತ್ತರಿನ ಕಥೆ ಹೇಳುವಾಗ ಇಲ್ಲಿ ಎಲ್ಲರೂ ನೂರ್ ಜಹಾನ್ ಹೆಸರು ಹೇಳುತ್ತಾರೆ. ಆದರೆ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಹೊಗಳಿರುವುದು ಅವಳ ಅಮ್ಮ ಅಸ್ಮತ್ ಬೇಗಂ ಅವರನ್ನು. ಪನ್ನೀರು ಮಾಡುವಾಗ ಮೇಲೆ ತೇಲಿದ ಜಿಡ್ಡನ್ನು ಬಿಸಾಡದೆ ಕೂಡಿಟ್ಟವರು ಅವರಂತೆ. ಅತ್ತೆಯನ್ನು ಹೊಗಳಿ ಬರೆದಿಟ್ಟ ಅಳಿಯ ಅಪರೂಪ ಬಿಡಿ.

ಕೊಳ್ಳಲು ಬಡಾ ಬಜಾರ್ ಕಡೆ ಹೋದೆವು. ಕನ್ನೌಜ್ ಅತ್ತರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಹಾಗಂತ ಎಲ್ಲ ಸೀಸೆಯೂ ಅಸಲಿ ಅಲ್ಲ. ಇಲ್ಲಿನ ಸರಕಿನ ದೊಡ್ಡ ಗಿರಾಕಿ ಸುಗಂಧ ಪ್ರಿಯರಲ್ಲ, ಪಾನ್ ಮಸಾಲಾ ಮತ್ತು ತಂಬಾಕಿನ ಕಂಪನಿಗಳು. ಅಷ್ಟು ನಾಜೂಕಾಗಿ ತೆಗೆದ ಪರಿಮಳ ಕೊನೆಗೆ ಗೋಡೆಗೆ ಉಗುಳಾಗಿ ಹೋಗುತ್ತದೆ. ಅಂಗಡಿಯವರು ಮುಂಗೈಗೆ ಸವರಿ ಕೊಡುತ್ತಾರೆ. ಆಗಲೇ ತೀರ್ಮಾನ ಮಾಡಬೇಡಿ. ಒಂದು ಸುತ್ತು ತಿರುಗಾಡಿ ಚಾಟ್ ತಿಂದು ಬನ್ನಿ, ಇಲ್ಲಿನ ಗಟ್ಟಾ ಅನ್ನೋ ಸಿಹಿ ರುಚಿ ನೋಡಿ. ಒಂದು ಗಂಟೆ ಕಳೆದ ಮೇಲೂ ಕೈಯಲ್ಲಿ ಹೂವಿನ ಹಿಂದೆ ಗಂಧ ಕಾಣಿಸುತ್ತಿದ್ದರೆ ದುಡ್ಡು ಕೊಡಬಹುದು. ಬರೀ ಸೋಪಿನ ವಾಸನೆ ಉಳಿದಿದ್ದರೆ ಮುಂದಿನ ಅಂಗಡಿಗೆ ನಡೀರಿ. ಯಾವ ಎಣ್ಣೆ ಮೇಲೆ ತೆಗೆದದ್ದು ಅಂತ ನೇರವಾಗಿ ಕೇಳಿ, ಒಳ್ಳೆ ಅಂಗಡಿಯವರು ಮುಚ್ಚಿಡುವುದಿಲ್ಲ.

ಚಿಕ್ಕಮ್ಮ ಗಂಧದೆಣ್ಣೆ ಮೇಲಿನ ಗುಲಾಬಿ ಅತ್ತರು ಸ್ವಲ್ಪವೇ ಸ್ವಲ್ಪ ಕೊಂಡರು, ಪನ್ನೀರು ಮಾತ್ರ ಕ್ಯಾನ್‌ಗಟ್ಟಲೆ. ಹೊರಡುವ ಬೆಳಿಗ್ಗೆ ಮತ್ತೆ ಆ ಹೊಲಕ್ಕೆ ಹೋಗಿ ಕಡ್ಡಿ ಕೇಳಿದರು. ಕಡ್ಡಿಯಿಂದ ಬೇರು ಬಿಡುತ್ತದೆ ಅಂತ ಅವರಿಗೆ ಗೊತ್ತು. ರೈತರು ನಗುತ್ತಾ ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು. ಈ ಗಿಡಕ್ಕೆ ಚೆನ್ನಾಗಿ ಚಳಿ ಹತ್ತಬೇಕು ಮಾತಾಜಿ, ನಿಮ್ಮ ಕಡೆ ಎಲೆ ಬರುತ್ತದೆ, ಹೂವಿನ ಮಾತು ನಾನು ಹೇಳಲಾರೆ ಅಂತ. "ಎಲೆ ಬಂದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು ಚಿಕ್ಕಮ್ಮ ಕನ್ನಡದಲ್ಲೇ, ಅವರು ತಲೆಯಾಡಿಸಿದರು. ಲಖನೌ ವಿಮಾನ ನಿಲ್ದಾಣದಲ್ಲಿ ಕಡ್ಡಿಗಳನ್ನು ಯಾರೂ ಕೇಳಲಿಲ್ಲ. ಪನ್ನೀರಿನ ಕ್ಯಾನ್‌ಗಳನ್ನು ಮಾತ್ರ ಕೈಚೀಲದಿಂದ ತೆಗೆಸಿ ಲಗೇಜಿಗೆ ಹಾಕಿಸಿದರು.