ಮೂರು ಗಂಟೆಯ ಮೇಲೆ ಒಂದು ಗಂಟೆ

2014ರಲ್ಲಿ ನಾನು ನಮ್ಮ ಹಾಸನದ ಈ ಕಾಲೇಜಿಗೆ ಬಿ.ಕಾಂ.ಗೆ ಸೇರಿದಾಗ ಬಿ.ಎ. ಕೊನೆಯ ವರ್ಷದಲ್ಲಿ ಕಣ್ಣು ಕಾಣದ ಒಬ್ಬ ಅಕ್ಕ ಓದುತ್ತಿದ್ದರು. ಆಲೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅವರ ಪರೀಕ್ಷೆ ಬರೆದುಕೊಡಲು ಯಾರಾದರೂ ಬೇಕು, ಬೇರೆ ವಿಷಯದವರೂ ಕಿರಿಯ ತರಗತಿಯವರೂ ಆಗಿರಬೇಕು ಎಂದು ಎನ್‌.ಎಸ್‌.ಎಸ್‌. ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನಮ್ಮ ಕ್ಲಾಸಿಗೆ ಬಂದು ಕೇಳಿದರು. ನನ್ನ ಅಕ್ಷರ ದುಂಡಗಿದೆಯೆಂದು ಗೆಳತಿಯರು ನನ್ನ ಹೆಸರು ಹೇಳಿದರು.

ಪರೀಕ್ಷೆಗೆ ಮುಂಚೆ ಲೈಬ್ರರಿ ಪಕ್ಕದ ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದೆವು. "ನಾನು ಹೇಳಿದ್ದನ್ನಷ್ಟೇ ಬರಿ, ನೀನಾಗಿ ತಿದ್ದಬೇಡ. ತಪ್ಪಾದ್ರೆ ಅದು ನನ್ನ ತಪ್ಪೇ ಆಗಿರ್ಲಿ" ಅಂದರು ಅಕ್ಕ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಎರಡು ಸಲ ಓದಿ ಹೇಳಬೇಕು. ಯಾವುದಕ್ಕೆ ಎಷ್ಟು ಅಂಕ, ಈಗ ಎಷ್ಟನೇ ಪುಟದಲ್ಲಿದ್ದೇವೆ ಎಂದು ತಿಳಿಸುತ್ತಿರಬೇಕು. "ಹಿಂದಿನ ವಾಕ್ಯ ಓದು" ಅಂದರೆ ಓದಬೇಕು. ನಾವು ಕಣ್ಣಾಡಿಸಿ ಮುಗಿಸುವ ಕೆಲಸವನ್ನು ಅವರು ಕಿವಿಯಲ್ಲಿ ಕೇಳಿ, ನೆನಪಿನಲ್ಲಿಟ್ಟುಕೊಂಡು ಮಾಡಬೇಕಿತ್ತು.

ಇತಿಹಾಸದ ಪತ್ರಿಕೆಯಲ್ಲಿ ಹೊಯ್ಸಳರ ವಾಸ್ತುಶಿಲ್ಪ ಬಂತು. 1117ರಲ್ಲಿ ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು, ಬಳಪದ ಕಲ್ಲು, ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆ ಅಂದರೆ ಜಗತಿ ಎಲ್ಲವನ್ನೂ ಹೇಳುತ್ತಾ ಹೋದರು. ಆ ಜಗತಿ ಮೂಲೆಮೂಲೆಗೂ ಹೇಗೆ ಒಳಕ್ಕೆ ಸರಿದು ಮತ್ತೆ ಹೊರಕ್ಕೆ ಚಾಚುತ್ತದೆ ಎಂಬುದಕ್ಕೇ ಅರ್ಧ ಪುಟ ಬರೆಸಿದರು. ಆಮೇಲೆ ಕೇಳಿದೆ, ಇಷ್ಟು ವಿವರ ಯಾವ ಪುಸ್ತಕದಲ್ಲಿತ್ತು ಅಂತ. ಹೈಸ್ಕೂಲಿನಲ್ಲಿ ಪ್ರವಾಸ ಹೋದಾಗ ಅಂಚಿನುದ್ದಕ್ಕೂ ನಡೆದು ಕಾಲಲ್ಲೇ ತಿಳಿದುಕೊಂಡರಂತೆ. ನಾನು ಚಿಕ್ಕಂದಿನಿಂದ ಬೇಲೂರಿಗೆ ಹೋಗುತ್ತಿದ್ದವಳು. ಮದನಿಕೆಯರನ್ನು ತಲೆಯೆತ್ತಿ ನೋಡಿದ್ದೆ, ಕಾಲಕೆಳಗಿನ ಆ ತಿರುವುಗಳ ಕಡೆ ಗಮನವೇ ಹೋಗಿರಲಿಲ್ಲ.

ಅದೇ ದಿನ ಮೂರು ಗಂಟೆ ಮುಗಿದ ಬೆಲ್ ಹೊಡೆಯಿತು. ಇನ್ನೂ ಎರಡು ಪ್ರಶ್ನೆ ಬಾಕಿ. ಕೊಠಡಿಯಲ್ಲಿದ್ದ ಮೇಲ್ವಿಚಾರಕರು ಉತ್ತರಪತ್ರಿಕೆ ಕೊಡಿ ಅಂದರು. ಅಕ್ಕ ದನಿ ಏರಿಸಲಿಲ್ಲ. ಬ್ಯಾಗಿನಲ್ಲಿ ಒಂದು ಕಾಗದವಿದೆ, ತರಿಸಿ ಎಂದರು. ಕೇಂದ್ರ ಸರ್ಕಾರ 2013ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಜೆರಾಕ್ಸ್ ಅದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಅದರಲ್ಲಿತ್ತು. ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಪೂರ್ತಿ ಗಂಟೆ! ಮುಖ್ಯ ಅಧೀಕ್ಷಕರು ಬಂದು ಓದಿ, ಒಪ್ಪಿ, ಕೂರಿಸಿದರು. ಮುಂದಿನ ಸೆಮಿಸ್ಟರಿನಿಂದ ಪರೀಕ್ಷೆಯ ನೋಟಿಸಿನಲ್ಲೇ ಆ ಸಾಲು ಸೇರಿತು. ಆದರೆ ಹಕ್ಕಿನ ಒಂದು ಗಂಟೆ ಪಡೆಯಲು ಪರೀಕ್ಷೆ ಬರೆಯುವವರೇ ಸರ್ಕಾರಿ ಆದೇಶ ಹೊತ್ತು ತಿರುಗಬೇಕಾಯಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಆಗ ಪ್ರತಿ ಡಿಸೆಂಬರ್ 3ರಂದು ಸಭಾಂಗಣದಲ್ಲಿ ಅಂಗವಿಕಲರ ದಿನಾಚರಣೆ ಆಗುತ್ತಿತ್ತು. ಶಾಲು ಹೊದಿಸಿ, ಹಣ್ಣು ಕೊಟ್ಟು, ನಮ್ಮ ಜಿಲ್ಲೆಯವರೇ ಆದ ಎಚ್‌.ಎನ್‌. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದದ್ದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಹೆಮ್ಮೆ ಪಡಬೇಕಾದದ್ದೇ. ಆದರೆ ಅದೇ ಸಭಾಂಗಣದ ವೇದಿಕೆಗೆ, ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿದ ಹುಡುಗನನ್ನು ಇಬ್ಬರು ಎತ್ತಿಕೊಂಡು ಹತ್ತಿಸಬೇಕಿತ್ತು. ಅವನಿಗೆ ಅದು ಎಷ್ಟು ಮುಜುಗರವೆಂದು ನಾವು ಕೇಳಿದ್ದು ಆಮೇಲೆ.

ಅಕ್ಕ ಪಾಸಾಗಿ ಹೋದ ಮೇಲೆ ಎನ್‌.ಎಸ್‌.ಎಸ್‌. ಕಡೆಯಿಂದ ನಾವೊಂದಿಷ್ಟು ಜನ ಟೇಪು ಹಿಡಿದು ಕಾಲೇಜೆಲ್ಲ ಅಳೆದೆವು. ಮುಂಬಾಗಿಲಿನ ಮೂರು ಮೆಟ್ಟಿಲಿನ ಎತ್ತರ ಒಂದೂವರೆ ಅಡಿ. ಪಕ್ಕದಲ್ಲಿದ್ದ ಇಳಿಜಾರಿನ ಉದ್ದ 6 ಅಡಿ. ಒಂದು ಅಡಿ ಏರಲು 12 ಅಡಿ ಉದ್ದ ಬೇಕೆನ್ನುವ ಲೆಕ್ಕದಲ್ಲಿ ಅಲ್ಲಿ 18 ಅಡಿ ಇರಬೇಕಿತ್ತು. ಗಾಲಿಕುರ್ಚಿಯಲ್ಲಿ ಕೂತವರು ತಾವಾಗಿ ಏರಲು ಸಾಧ್ಯವೇ ಇರಲಿಲ್ಲ. ಪ್ರಾಂಶುಪಾಲರಿಗೆ ಅಳತೆಯ ಸಮೇತ ಬರೆದುಕೊಟ್ಟೆವು. ಇಳಿಜಾರು ಸರಿಹೋಗಲು ಎರಡು ವರ್ಷ ಹಿಡಿಯಿತು. ಆದರೆ ಆ ಹುಡುಗನ ತರಗತಿಗಳೆಲ್ಲ ಮೇಲ್ಮಹಡಿಯಿಂದ ಕೆಳಗೆ ಬರಲು ಒಂದು ವಾರ ಸಾಕಾಯಿತು. ಟೈಮ್‌ಟೇಬಲ್‌ನಲ್ಲಿ ಕೊಠಡಿ ಸಂಖ್ಯೆ ಬದಲಿಸಿದರು, ಅಷ್ಟೇ. ಬಿಡಿಕಾಸಿನ ಖರ್ಚಿಲ್ಲ.

ನಾವು ಓದು ಮುಗಿಸುವ ಹೊತ್ತಿಗೆ, 2017ರ ಏಪ್ರಿಲ್ 19ರಂದು, ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಜಾರಿಗೆ ಬಂತು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯವಿದ್ದದ್ದು ಇದರಲ್ಲಿ 21 ಆಯಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸೀಟು ಮೀಸಲಾಯಿತು. ಕಲಿಕಾ ನ್ಯೂನತೆಯೂ ಪಟ್ಟಿಗೆ ಸೇರಿತು. ಅಕ್ಷರ ಹಿಂದುಮುಂದಾಗುವ ಎಷ್ಟು ಮಕ್ಕಳು ದಡ್ಡರೆನಿಸಿಕೊಂಡೇ ನಮ್ಮ ಬೆಂಚುಗಳಿಂದ ಎದ್ದು ಹೋದರೋ. 2021ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯ ಪ್ರಕರಣದಲ್ಲಿ, ಅಂಗವೈಕಲ್ಯದ ಪ್ರಮಾಣ ಶೇ. 40ರ ಮಿತಿ ಮುಟ್ಟದವರಿಗೂ ಬರಹ ಸಹಾಯಕರನ್ನು ಕೊಡಬೇಕೆಂದಿತು.

ಅಕ್ಕ ಈಗ ಮೇಡಂ ಆಗಿದ್ದಾರೆ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಈ ಲೇಖನ ಬರೆಯುತ್ತೇನೆಂದು ಫೋನ್ ಮಾಡಿದಾಗ, "ನನ್ನ ಕಥೆ ಎಷ್ಟು ಬೇಕೋ ಅಷ್ಟು ಬರಿ, ಬರೆಯೋರ ಪಟ್ಟಿ ವಿಷಯ ಮಾತ್ರ ಮರೀಬೇಡ" ಅಂದರು. ಹಾಗಾಗಿ ಈಗ ಓದುತ್ತಿರುವ ತಂಗಿ ತಮ್ಮಂದಿರಲ್ಲಿ ಕೇಳಿಕೊಳ್ಳುತ್ತೇನೆ. ಪರೀಕ್ಷೆಯ ಹಿಂದಿನ ದಿನ ಹುಡುಕಾಡುವಂತಾಗಬಾರದು. ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಎನ್‌.ಎಸ್‌.ಎಸ್‌. ಕೊಠಡಿಯಲ್ಲಿ ಬರಹ ಸಹಾಯಕರ ಪಟ್ಟಿಗೆ ಹೆಸರು ಬರೆಸಿ, ಯಾರಿಗೆ ಬರೆಯಬೇಕೋ ಅವರ ಜೊತೆ ಕೂತು ಅಭ್ಯಾಸ ಮಾಡಿ. ಕನ್ನಡ ಮಾಧ್ಯಮದವರಿಗೆ ಬರೆಯಲು ಸಿಗುವವರೇ ಕಡಿಮೆ. ಕನ್ನಡದಲ್ಲಿ ವೇಗವಾಗಿ ಬರೆಯಬಲ್ಲವರು ಮೊದಲು ಬನ್ನಿ.