ಓಬವ್ವನ ಒನಕೆಗೆ ಮೂರು ನೆರಳು

ಮಗಳು ಶಾಲೆಗೆಂದು ಚಿತ್ರದುರ್ಗದ ಕೋಟೆ ಮಾಡಿದ್ದಳು. ಥರ್ಮೋಕೋಲ್ ಕೆತ್ತಿ, ಮಣ್ಣು ಬಳಿದ ಬಂಡೆ. ನಡುವೆ ಓಬವ್ವನ ಕಿಂಡಿ. ಪಕ್ಕದಲ್ಲಿ ಹೆಬ್ಬೆರಳುದ್ದದ ಮಣ್ಣಿನ ಓಬವ್ವ, ಕೈಯಲ್ಲಿ ಊದುಬತ್ತಿ ಕಡ್ಡಿಯ ಒನಕೆ.

"ಅಪ್ಪಾಜಿ, ಕಿಂಡಿಯಿಂದ ಬಿಸಿಲು ಬರ್ಬೇಕು. ಆಮೇಲೆ ನಿಧಾನಕ್ಕೆ ಕೆಂಪಾಗ್ಬೇಕು" ಅಂದಳು. ಗಂಡ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಹೋದ ಕಥೆ ಅಲ್ವಾ, ಬಿಸಿಲೇ ಸರಿ ಅನ್ನಿಸಿತು.

ದಾವಣಗೆರೆ ಪೇಟೆಗೆ ಹೋಗಿ 10 ರೂಪಾಯಿಗೆ ಒಂದರಂತೆ ಬಣ್ಣದ ಎಲ್‌ಇಡಿ ನಾಲ್ಕು ತಂದೆ. 5 ಮಿಲಿಮೀಟರ್ ಗಾತ್ರ, ನಾಲ್ಕು ಕಾಲು, ಗಾಜಿನಂಥ ತಲೆ. ಒಂದೊಂದರ ಒಳಗೂ ಕೆಂಪು, ಹಸಿರು, ನೀಲಿ ಮೂರೂ ಇವೆ. ಉದ್ದದ ಕಾಲು ಮೂರಕ್ಕೂ ಸೇರಿ ಮೈನಸ್.

ಮೊದಲು ಆ ಉದ್ದದ ಕಾಲಿಗೆ ಒಂದೇ ರೆಸಿಸ್ಟರ್ (ಕರೆಂಟನ್ನು ತಡೆದು ಕಮ್ಮಿ ಮಾಡುವ ಪುಟ್ಟ ಬಿಡಿಭಾಗ; ತಡೆಯ ಅಳತೆ ಓಮ್) ಹಾಕಿ ತಪ್ಪು ಮಾಡಿದೆ. ಬರೀ ಕೆಂಪು ಹತ್ತಿತು. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ನೀಲಿಗೆ 3ರ ಮೇಲೆ ಬೇಕು. ಹಾಗಾಗಿ ಕೆಂಪೇ ಎಲ್ಲ ಕರೆಂಟು ನುಂಗಿತ್ತು. ಹಳೇ ಮೊಬೈಲ್ ಚಾರ್ಜರ್‌ನ 5 ವೋಲ್ಟಿಗೆ ಕೆಂಪಿಗೆ 150 ಓಮ್, ಉಳಿದೆರಡಕ್ಕೆ 100 ಓಮ್ ಅಂತ ಬೇರೆ ಬೇರೆ ರೆಸಿಸ್ಟರ್ ಕೊಟ್ಟೆ. ಮೂರೂ ಹತ್ತಿದವು.

ಆದರೆ ಬಿಸಿಲು ಬರಲಿಲ್ಲ. ಬಂಡೆ ಮೇಲೆ ಮೂರು ಬಣ್ಣದ ಮಚ್ಚೆ ಬಿದ್ದವು, ನಡುವೆ ಸ್ವಲ್ಪ ಬಿಳಿ. ಒನಕೆಗಂತೂ ಮೂರು ನೆರಳು: ಒಂದು ಹಳದಿ, ಒಂದು ಗುಲಾಬಿ, ಒಂದು ತಿಳಿ ಹಸಿರುನೀಲಿ. ನೋಡೋಕೆ ಚೆಂದವೇ. ಮಗಳಿಗೆ ಮಾತ್ರ ಅಳು ಬರುವಂತಾಗಿತ್ತು.

ಮನೆಯ ಭೂತಗನ್ನಡಿ ಹಿಡಿದರೆ ಬೆಳಕು ಒಂದೆಡೆ ಕೂಡುತ್ತದೆ ಅಂದುಕೊಂಡೆ. ಇನ್ನೂ ಕೆಟ್ಟಿತು. ಮೂರು ಬಣ್ಣ ಮತ್ತೂ ಸ್ಪಷ್ಟವಾಗಿ ದೂರ ದೂರ ನಿಂತವು. ಆಗ ಹೊಳೆಯಿತು. ಮಸೂರ ಬಣ್ಣ ಬೆರೆಸುವುದಿಲ್ಲ, ಎದುರಿಗೆ ಇದ್ದದ್ದನ್ನು ಹಾಗೇ ತೋರಿಸುತ್ತದೆ. ಒಳಗೆ ಮೂರು ಚಿಪ್ ಅಕ್ಕಪಕ್ಕ ಕೂತಿವೆ, ಮೂರೂ ಸರಿಯಾಗಿ ನಡುವೆ ಇರಲು ಸಾಧ್ಯವಿಲ್ಲ. ಎಲ್‌ಇಡಿಯ ಗುಂಡು ತಲೆಯೂ ಒಂದು ಮಸೂರವೇ, ಅದೂ ಒಂದೊಂದು ಬಣ್ಣವನ್ನು ಒಂದೊಂದು ಕಡೆ ಎಸೆಯುತ್ತಿತ್ತು. ಮೊದಲು ಬೆರೆಸಬೇಕು, ಆಮೇಲೆ ಕೂಡಿಸಬೇಕು.

ಎಲ್‌ಇಡಿಯ ತಲೆಯನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಗಾಜಿನಂತಿದ್ದದ್ದು ಕಲ್ಲುಸಕ್ಕರೆಯಂತೆ ಮಂಜಾಯಿತು. ಬಣ್ಣ ಬೆರೆಯಿತು, ಆದರೆ ಬೆಳಕು ಕೋಣೆ ತುಂಬ ಚೆಲ್ಲಿತು. ಹೀಗೆ ಚೆಲ್ಲಿದ್ದನ್ನು ಹಿಡಿಯಲು ನನ್ನಾಕೆ ದಾರಿ ತೋರಿಸಿದಳು. ಎಳನೀರಿನ ಜೊತೆ ಬಂದ ಕಾಗದದ ಸ್ಟ್ರಾ ತಂದು, "ಇದರೊಳಗೆ ತೂರ್ಸಿ ನೋಡ್ರೀ" ಅಂದಳು. ಅಳತೆಗೆ ಮಾಡಿಸಿದಂತೆ ಕೂತಿತು! ಬಿಳಿ ಕಾಗದದ ಗೋಡೆಗೆ ಬೆಳಕು ಮತ್ತೆ ಮತ್ತೆ ಬಡಿದು ಬೆರೆಯುತ್ತದೆ. ಇಡೀ ಸ್ಟ್ರಾ ಇಟ್ಟಾಗ ತುದಿಗೆ ಬೆಳಕೇ ತಲುಪಲಿಲ್ಲ. ಕತ್ತರಿಸುತ್ತಾ ಬಂದು ಒಂದೂವರೆ ಇಂಚಿಗೆ ನಿಲ್ಲಿಸಿದೆ. ತುದಿಗೆ ಬಟರ್ ಪೇಪರ್ ಅಂಟಿಸಿದೆ. ಈಗ ಅಲ್ಲೊಂದು ಪುಟ್ಟ, ಒಂದೇ ಬಣ್ಣದ ಬೊಟ್ಟು.

ಭೂತಗನ್ನಡಿಯಿಂದ ಕಿಟಕಿಯ ಬಿಂಬವನ್ನು ಗೋಡೆ ಮೇಲೆ ಮೂಡಿಸಿ, ಅದಕ್ಕೂ ಗೋಡೆಗೂ ನಡುವಿನ ದೂರ ಅಳೆದೆ, ಸುಮಾರು 10 ಸೆಂಟಿಮೀಟರ್. ಆ ಲೆಕ್ಕದಲ್ಲಿ ಸ್ಟ್ರಾ ತುದಿಯಿಂದ 15 ಸೆಂಟಿಮೀಟರ್ ಬಿಟ್ಟು ಭೂತಗನ್ನಡಿ ನಿಲ್ಲಿಸಿದರೆ, ಆಚೆ 30 ಸೆಂಟಿಮೀಟರ್ ದೂರದಲ್ಲಿ ಬೊಟ್ಟಿನ ಎರಡರಷ್ಟು ದೊಡ್ಡ ಬೆಳಕು ಬೀಳುತ್ತದೆ. ಕಿಂಡಿ ಅಲ್ಲಿತ್ತು. ಬೆಳಕು ಮುಂಚಿಗಿಂತ ಮಂಕು, ನಿಜ. ಆದರೆ ಕತ್ತಲ ಕೋಣೆಗೆ ಸಾಕು. ಹಸಿರು ಜಾಸ್ತಿ ಕಂಡದ್ದರಿಂದ ಅದಕ್ಕೆ 220 ಓಮ್ ಹಾಕಿದೆ, ನೀಲಿಯನ್ನು ಇನ್ನೂ ಇಳಿಸಿದೆ. ಬಿಸಿಲಿನ ಬಣ್ಣ ಬಂತು.

ನೀಲಿಯನ್ನು ಇಳಿಸುವಾಗ ಮಗಳಿಗೆ ಒಂದು ಮಾತು ಹೇಳಿದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಚೆನ್ನಾಗಿ ಬೆಳಗುವ ನೀಲಿಗೆ ಜಗತ್ತು ಮೂವತ್ತು ವರ್ಷ ಕಾಯಿತು. ಅದನ್ನು ಸಾಧಿಸಿದ ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು. ಅದೇ ನೀಲಿ ಈಗ 10 ರೂಪಾಯಿಯೊಳಗೆ ಕೂತಿದೆ.

ಹಳೇ ಟೇಪ್ ರೆಕಾರ್ಡರ್‌ನ ಜೋಡಿ ವಾಲ್ಯೂಮ್ ಕಂಟ್ರೋಲನ್ನು ಹಸಿರು ನೀಲಿಗೆ ಸೇರಿಸಿದೆ. ತಿರುಗಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಕೆಂಪು ಉಳಿಯುತ್ತದೆ.

ಮಗಳು ದೀಪ ಆರಿಸಿ ಗುಂಡಿ ತಿರುಗಿಸಿದಳು. ಕಿಂಡಿಯ ಬಿಸಿಲು ಕಿತ್ತಳೆಗೆ ತಿರುಗಿ, ಕೆಂಪಾಯಿತು. ಬಂಡೆ ಹತ್ತಿರ ಬಗ್ಗಿ ನೋಡಿದಳು.

"ಅಪ್ಪಾಜಿ, ಒನಕೆಗೆ ಈಗ ಒಂದೇ ನೆರಳು."